ಇಪ್ಪತ್ತೈದು ಗಜದ ಮೋಸ

ಹೋದ ವರ್ಷದ ಬೇಟೆಯಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು ಅವಕಾಶ. ಕೊಲರಾಡೊದ ಉತ್ತರ ಭಾಗ, 8,000 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂ ಐನೂರು ಮೀಟರ್ ಮೇಲೆ ಅಂದುಕೊಳ್ಳಿ. ಸೇಜ್ ಪೊದೆಗಳ ಇಳಿಜಾರಿನಲ್ಲಿ ಒಂದು ಹೆಣ್ಣು ಮ್ಯೂಲ್ ಡೀರ್ ಅಡ್ಡಲಾಗಿ ನಿಂತಿತ್ತು. ಹೇಸರಗತ್ತೆಯದರಂಥ ಕಿವಿ ಎರಡೂ ನನ್ನ ಕಡೆಗೇ ತಿರುಗಿದ್ದವು. ದೂರ 250 ಗಜ ಇದ್ದೀತು ಎಂದು ಕಣ್ಣಳತೆಯಲ್ಲೇ ತೀರ್ಮಾನಿಸಿದೆ. ಅಷ್ಟು ದೂರಕ್ಕೆ ಗುಂಡು ಒಂದಿಷ್ಟು ಕೆಳಗಿಳಿಯುತ್ತದಲ್ಲ, ಇರಲಿ ಎಂದು ಬೆನ್ನಿನ ಗೆರೆಗಿಂತ ಮೂರು ಬೆರಳು ಕೆಳಗೆ ಹಿಡಿದು ಹೊಡೆದೆ. ಜಿಂಕೆಯ ಹಿಂದಿನ ಗುಡ್ಡದಲ್ಲಿ ಧೂಳೆದ್ದಿತು. ಅದು ನಾಲ್ಕೂ ಕಾಲನ್ನು ಒಟ್ಟಿಗೆ ನೆಲಕ್ಕೆ ಬಡಿಯುತ್ತ, ಸ್ಪ್ರಿಂಗ್ ಕಟ್ಟಿದ ಹಾಗೆ ಪುಟಿಯುತ್ತ, ದಿಬ್ಬ ದಾಟಿ ಹೋಯಿತು.

ಅದು ನಿಂತಿದ್ದ ಜಾಗಕ್ಕೆ ನಡೆದುಹೋಗಿ ಅರ್ಧ ಗಂಟೆ ಹುಡುಕಿದೆ. ರಕ್ತವಿಲ್ಲ, ಒಂದು ಕೂದಲೂ ಇಲ್ಲ. ಪೂರ್ತಿ ತಪ್ಪಿದ್ದೇ ಒಳ್ಳೆಯದಾಯಿತು, ಗಾಯ ಮಾಡಿ ಕಳಿಸಿದ್ದರೆ ಈ ಬರಹ ಬರೆಯುವ ಮನಸ್ಸು ಬರುತ್ತಿರಲಿಲ್ಲ. ಆಮೇಲೆ, ಅಲ್ಲಿಯವರೆಗೂ ಜೇಬಿನಲ್ಲೇ ಇದ್ದ, ದೂರ ಅಳೆಯುವ ರೇಂಜ್‌ಫೈಂಡರ್ ತೆಗೆದು ನಾನು ಒರಗಿದ್ದ ಬಂಡೆಗೆ ಹಿಡಿದೆ. 148 ಗಜ.

ದೂರದ ಅಂದಾಜು ತಪ್ಪಿದ್ದು ಸರಿ. ಆದರೆ 148 ಗಜಕ್ಕೆ ನಾನು ಹಿಡಿದ ಜಾಗಕ್ಕೇ ಗುಂಡು ಹೋಗಿದ್ದರೂ ಬೆನ್ನಿಗಾದರೂ ತಾಗಬೇಕಿತ್ತು. ಅದು ಬೆನ್ನಿನ ಮೇಲಿಂದ ಹೋದದ್ದು ಹೇಗೆ? ಈ ಪ್ರಶ್ನೆ ಚಳಿಗಾಲವಿಡೀ ತಲೆಯಲ್ಲಿ ಕೊರೆಯುತ್ತಿತ್ತು. ಈ ವರ್ಷ ಆಗಸ್ಟ್‌ನಲ್ಲಿ ಶುರುಮಾಡಿ ಐದು ಶನಿವಾರ ಕೋವಿಗೆ ಹೊಸದಾಗಿ ಗುರಿ ಕೂಡಿಸಿದೆ, ಅಂದರೆ ಸ್ಕೋಪ್ ತೋರಿಸಿದಲ್ಲಿಗೇ ಗುಂಡು ಬೀಳುವಂತೆ ಹೊಂದಿಸಿದೆ. ಅದರ ದಿನಚರಿ ಇದು.

ಮೊದಲು ಹಿನ್ನೆಲೆ. ನಾನು ಮಲೆನಾಡಿನ ಅಡಿಕೆ ತೋಟದ ಮನೆಯವನು. ಅಪ್ಪಯ್ಯನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ಬೇಟೆಯ ಮಾತೇ ಇಲ್ಲ. ಆ ಕೋವಿಯ ಕೆಲಸವೆಲ್ಲ ತೋಟಕ್ಕೆ ನುಗ್ಗಿದ ಮಂಗ, ಹಂದಿಗಳನ್ನು ಆಕಾಶಕ್ಕೊಂದು ಈಡು ಹೊಡೆದು ಹೆದರಿಸುವುದು. ಅಪ್ಪಯ್ಯ ವರ್ಷಕ್ಕೊಮ್ಮೆ ಅಡಿಕೆ ಹಾಳೆಗೆ ಇದ್ದಿಲಿನಲ್ಲಿ ಒಂದು ಸುತ್ತು ಬರೆದು, ಧರೆಗೆ ಒರಗಿಸಿ, ಮೂವತ್ತು ಹೆಜ್ಜೆಯಿಂದ ಹೊಡೆದು, ಚರೆ ಎಷ್ಟಗಲ ಹರಡಿತು ಎಂದು ನೋಡುತ್ತಿದ್ದರು. ಗುರಿ ಕೂಡಿಸುವುದು ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಸ್ಕೋಪಿನ ರೈಫಲ್ ಕೈಗೆ ಬಂದದ್ದು ಇಲ್ಲಿ ಅಮೆರಿಕದಲ್ಲಿ, ಗ್ರೀನ್ ಕಾರ್ಡ್ ಬಂದ ಮೇಲೆ. ಹಂಟರ್ ಎಜುಕೇಷನ್ ಪಾಠ ಮುಗಿಸದೆ ಕೊಲರಾಡೊದಲ್ಲಿ ಸಾಮಾನ್ಯವಾಗಿ ಬೇಟೆಯ ಲೈಸೆನ್ಸ್ ಕೊಡುವುದಿಲ್ಲ. 1949ರ ಜನವರಿ 1ಕ್ಕಿಂತ ಮುಂಚೆ ಹುಟ್ಟಿದವರಿಗೆ ವಿನಾಯಿತಿ ಇದೆ.

ನನ್ನದು .270 ವಿಂಚೆಸ್ಟರ್ ತೋಟೆ ಹಾರಿಸುವ ಕೋವಿ, ಹಳೆಯ ಬೋಲ್ಟ್ ಆ್ಯಕ್ಷನ್, 22 ಇಂಚಿನ ತೆಳು ನಳಿಗೆ, ಮೇಲೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ 3-9×40 ಸ್ಕೋಪ್. ಈ ತೋಟೆ ಮಾರುಕಟ್ಟೆಗೆ ಬಂದದ್ದು 1925ರಲ್ಲಿ, ನೂರು ವರ್ಷವಾದರೂ ಬಯಲು ಸೀಮೆಯ ಜಿಂಕೆಗೆ ಇದರಲ್ಲಿ ಕುಂದು ಹುಡುಕುವುದು ಕಷ್ಟ. ಜಿಂಕೆ ಬೇಟೆಗೆ .24 ಕ್ಯಾಲಿಬರ್‌ಗಿಂತ ಸಣ್ಣದು ಕೂಡದು, 100 ಗಜದಲ್ಲಿ ಕನಿಷ್ಠ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು ಎನ್ನುತ್ತದೆ ಕೊಲರಾಡೊದ ನಿಯಮ. ಇದರಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚಿದೆ. ಕೋವಿಯ ತಾಕತ್ತಿನಲ್ಲಿ ಕೊರತೆಯಿರಲಿಲ್ಲ.

ಮೊದಲ ಶನಿವಾರ ಒಂದು ಗುಂಡನ್ನೂ ಹೊಡೆಯಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹಳೇ ಟವಲ್ ಹಾಸಿ, ಬೋಲ್ಟ್ ತೆಗೆದು, ನಳಿಗೆ ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ, ಸ್ಕ್ರೂಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ನಿಜ ಹೇಳಬೇಕೆಂದರೆ ಯಾವುದಾದರೂ ಒಂದು ಸ್ಕ್ರೂ ಸಡಿಲ ಸಿಗಲಿ ಎಂದೇ ಆಸೆಯಿತ್ತು. ಸಿಕ್ಕಿದ್ದರೆ ತಪ್ಪೆಲ್ಲ ಅದರ ತಲೆಗೆ ಕಟ್ಟಬಹುದಿತ್ತು. ಬಿಗಿ ಅಳೆದು ತಿರುಗಿಸುವ ಟಾರ್ಕ್ ಡ್ರೈವರನ್ನು, ಸ್ಕೋಪ್ ಹಿಡಿದಿರುವ ರಿಂಗುಗಳಿಗೆ 18 ಇಂಚ್-ಪೌಂಡಿಗೆ ಹೊಂದಿಸಿ ತಿರುಗಿಸಿದರೆ ಎಲ್ಲವೂ ಅಲುಗಾಡದೆ ಟಕ್ ಎಂದವು. ಬೇಸಿನ ಸ್ಕ್ರೂಗಳೂ ಬಿಗಿ, ಮರದ ಹಿಡಿಗೆ ಹಾಕಿದ ಎರಡು ದೊಡ್ಡ ಸ್ಕ್ರೂಗಳೂ ಬಿಗಿ. ಹತ್ತು ರೂಪಾಯಿಯ ನೋಟೊಂದನ್ನು ನಳಿಗೆ ಮತ್ತು ಮರದ ನಡುವೆ ತೂರಿಸಿ ಎಳೆದೆ. ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಓಡಿತು, ನಳಿಗೆ ಮರಕ್ಕೆ ತಾಗುತ್ತಿಲ್ಲ.

ಅಂದರೆ ಕೋವಿ ನಿರಪರಾಧಿ. ಉಳಿದದ್ದು ನಾನು.

ಎರಡನೆಯ ಶನಿವಾರ ಊರಾಚೆಯ ರೇಂಜಿಗೆ, ಗುರಿ ಹೊಡೆಯುವ ಮೈದಾನಕ್ಕೆ, ಹೋದೆ. ನಾನಿರುವ ಫೋರ್ಟ್ ಕಾಲಿನ್ಸ್ ಸುಮಾರು 5,000 ಅಡಿ ಎತ್ತರದಲ್ಲಿದೆ, ಆಗಸ್ಟಿನ ಬಿಸಿಲು ಬೆಳಿಗ್ಗೆ ಎಂಟಕ್ಕೇ ಚುರುಕು. 100 ಗಜದಲ್ಲಿ ಹೊಸ ಕಾಗದ ಅಂಟಿಸಿ, ಬೆಂಚಿನ ಮೇಲೆ ಮುಂದೊಂದು ಹಿಂದೊಂದು ಮರಳಿನ ಚೀಲ ಇಟ್ಟು, ಹೋದ ವರ್ಷದ ತೋಟೆಯನ್ನೇ, ಗುಂಡಿನ ತೂಕ 130 ಗ್ರೇನ್‌ನದು, ಮೂರು ಹೊಡೆದೆ. ಸ್ಪಾಟಿಂಗ್ ಸ್ಕೋಪಿನಲ್ಲಿ ನೋಡಿದರೆ ಮೂರೂ ಗುಂಪಾಗಿ ಕೂತಿವೆ, ಒಂದೂವರೆ ಇಂಚಿನೊಳಗೆ. ಆದರೆ ಗುಂಪು ಕೂತದ್ದು ನಡುಬಿಂದುವಿನಿಂದ ಮೂರು ಇಂಚು ಮೇಲೆ, ಒಂದು ಇಂಚು ಬಲಕ್ಕೆ.

ಆಗ ಹೊಳೆಯಿತು. ಹೋದ ವರ್ಷ ನಾನು ಗುರಿ ಕೂಡಿಸಿದ್ದು ಊರೊಳಗಿನ ಒಳಾಂಗಣ ರೇಂಜಿನಲ್ಲಿ, 25 ಗಜದಲ್ಲಿ. ಹೊರಗೆ ಮಳೆ, ಕೈಯಲ್ಲಿ ಸಮಯವಿಲ್ಲ. 25ರಲ್ಲಿ ನಡುಬಿಂದುವನ್ನೇ ಹರಿದುಹಾಕಿದ ಮೇಲೆ 100ರಲ್ಲೂ ಸರಿಯೇ ಇರುತ್ತದೆ ಎಂದು ನಂಬಿ ಎದ್ದು ಬಂದಿದ್ದೆ.

ಇಲ್ಲಿ ಸ್ವಲ್ಪ ನಿಂತು ಬಿಡಿಸಿ ಹೇಳಬೇಕು, ಏಕೆಂದರೆ ದೂರದ ಆಯ್ಕೆಯ ಗುಟ್ಟೆಲ್ಲ ಇಲ್ಲೇ ಇದೆ. ಮಾವಿನಕಾಯಿಗೆ ಕಲ್ಲು ಬೀಸುವ ಹುಡುಗ ಕಾಯಿಗಿಂತ ಮೇಲಕ್ಕೇ ಬೀಸುತ್ತಾನೆ. ರೈಫಲ್ಲೂ ಹಾಗೆಯೇ. ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಬೀಳತೊಡಗುತ್ತದೆ, ತಾನಾಗಿ ಏರುವುದಿಲ್ಲ. ಸ್ಕೋಪ್ ಹೊಂದಿಸುವಾಗ ನಾವು ನಳಿಗೆಯನ್ನು ದೃಷ್ಟಿರೇಖೆಗಿಂತ ಕೂದಲೆಳೆಯಷ್ಟು ಮೇಲ್ಮುಖ ಮಾಡಿರುತ್ತೇವೆ. ಸ್ಕೋಪಿನ ನಡುಗೆರೆ ನಳಿಗೆಯ ನಡುವಿಗಿಂತ ಒಂದೂವರೆ ಇಂಚು ಮೇಲಿದೆ. ಹಾಗಾಗಿ ಗುಂಡು ಮೊದಲು ದೃಷ್ಟಿರೇಖೆಯ ಕೆಳಗಿರುತ್ತದೆ, ಹತ್ತಿರದಲ್ಲೇ ಅದನ್ನು ದಾಟಿ ಮೇಲೆ ಹೋಗುತ್ತದೆ, ದೂರದಲ್ಲೆಲ್ಲೋ ಮತ್ತೆ ದಾಟಿ ಕೆಳಗಿಳಿಯುತ್ತದೆ. ಜೀರೊ ಎಂದು ನಾವು ಕರೆಯುವುದು ಈ ಎರಡನೆಯ ದಾಟುವಿಕೆಯನ್ನು. ನಾನು 25 ಗಜದಲ್ಲಿ ಕಟ್ಟಿದ್ದು ಮೊದಲನೆಯದನ್ನು. ಲೆಕ್ಕ ಹಾಕಿದರೆ ಈ ಕೋವಿಯ ಎರಡನೆಯ ದಾಟುವಿಕೆ ಸುಮಾರು 275 ಗಜದಲ್ಲಿತ್ತು. ನಡುವೆ ಗುಂಡು 100ರಲ್ಲಿ ಮೂರು ಇಂಚು, 150ರಲ್ಲಿ ಮೂರೂವರೆಗೂ ಮೇಲೆ, 200ರಲ್ಲಿ ಮತ್ತೆ ಮೂರು ಇಂಚು ಎತ್ತರದಲ್ಲಿ ಓಡುತ್ತಿತ್ತು. ನಾನು ಬೆನ್ನಿನ ಗೆರೆಗಿಂತ ಮೂರು ಬೆರಳು ಕೆಳಗೆ ಹಿಡಿದೆ, ಕೋವಿ ಮೂರೂವರೆ ಇಂಚು ಮೇಲೆ ಹೊಡೆಯಿತು. ಬೆನ್ನಿನ ಮೇಲೆ ಉಳಿದದ್ದು ಗಾಳಿ ಮಾತ್ರ.

ಇನ್ನೊಂದು ಮೋಸವೂ 25ರಲ್ಲಿದೆ. ನನ್ನ ಸ್ಕೋಪಿನ ಡಯಲ್ಲಿನ ಒಂದು ಕ್ಲಿಕ್ ಕಾಲು ಎಂಒಎ (ಮಿನಿಟ್ ಆಫ್ ಆ್ಯಂಗಲ್, ಕೋನದ ಅಳತೆ). ಒಂದು ಎಂಒಎ ಅಂದರೆ 100 ಗಜಕ್ಕೆ 1.047 ಇಂಚು, ಬಳಕೆಯಲ್ಲಿ ಒಂದು ಇಂಚು ಎಂದೇ ಹಿಡಿಯುತ್ತಾರೆ. ಹಾಗಾಗಿ 100 ಗಜದಲ್ಲಿ ನಾಲ್ಕು ಕ್ಲಿಕ್ಕಿಗೆ ಒಂದು ಇಂಚು. 25ರಲ್ಲಿ ಒಂದು ಇಂಚಿಗೆ ಹದಿನಾರು ಕ್ಲಿಕ್ ಬೇಕು. ಗುಂಡಿನ ತೂತೇ 0.277 ಇಂಚು ಅಗಲ. ಆ ಒಂದು ತೂತಿನೊಳಗೇ ನಾಲ್ಕು ಕ್ಲಿಕ್ ಅಡಗಿ ಕೂತಿರುತ್ತವೆ. 25ರಲ್ಲಿ ಕಣ್ಣಿಗೇ ಬೀಳದ ಆ ತಪ್ಪು 200ಕ್ಕೆ ಎರಡು ಇಂಚಾಗುತ್ತದೆ. ನನ್ನ ಗುಂಪು ಒಂದು ಇಂಚು ಬಲಕ್ಕೆ ಕೂತದ್ದು ಹೀಗೇ. ಹೊಸ ಸ್ಕೋಪ್ ಕೂರಿಸಿದಾಗ ಗುಂಡು ಕಾಗದಕ್ಕೆ ಬೀಳುವಂತೆ ಮಾಡಿಕೊಳ್ಳಲು 25 ಗಜ ಬಹಳ ಒಳ್ಳೆಯದು, ತೋಟೆ ಉಳಿಯುತ್ತದೆ. ಅಲ್ಲಿಗೇ ಚೀಲ ಕಟ್ಟಿ ಮನೆಗೆ ಹೊರಡಬಾರದು ಅಷ್ಟೆ.

ಹಾಗಾದರೆ ಯಾವ ದೂರ? ಮೂರನೆಯ ಶನಿವಾರದ ಮುಂಚೆ ಪರಿಚಯದವರಿಂದ ಕ್ರೋನೊಗ್ರಾಫ್ ಎರವಲು ತಂದು ವೇಗ ಅಳೆದೆ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 3,060 ಅಡಿ ಎಂದು ಬರೆದಿದೆ, ನನ್ನ ನಳಿಗೆಯಿಂದ ಬಂದದ್ದು ಸರಾಸರಿ 2,980. ಪೆಟ್ಟಿಗೆಯವರು ಅಳೆಯುವುದು 24 ಇಂಚಿನ ನಳಿಗೆಯಲ್ಲಿ, ಎರಡು ಇಂಚಿನ ವ್ಯತ್ಯಾಸಕ್ಕೆ ಇಷ್ಟು ಸಹಜ. ಆ ವೇಗ, 5,000 ಅಡಿಯ ತೆಳು ಗಾಳಿ, ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಎಂದು ಹೇಳುವ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಎಲ್ಲವನ್ನೂ ಫೋನಿನಲ್ಲಿರುವ ಲೆಕ್ಕದ ಆ್ಯಪಿಗೆ ಕೊಟ್ಟು, ಬಂದ ಅಂಕಿಗಳನ್ನು ಹಾಲಿನ ಬಿಲ್ಲಿನ ಹಿಂದೆ ಬರೆದುಕೊಂಡೆ.

100 ಗಜಕ್ಕೆ ಜೀರೊ ಮಾಡಿದರೆ 200ರಲ್ಲಿ ಮೂರು ಇಂಚು ಕೆಳಗೆ, 250ರಲ್ಲಿ ಆರು ಇಂಚಿಗೆ ತುಸು ಹೆಚ್ಚು ಕೆಳಗೆ, 300ರಲ್ಲಿ ಹನ್ನೊಂದು ಇಂಚು ಕೆಳಗೆ. 200ಕ್ಕೆ ಮಾಡಿದರೆ 100ರಲ್ಲಿ ಒಂದೂವರೆ ಇಂಚು ಮೇಲೆ, 250ರಲ್ಲಿ ಎರಡೂವರೆಗೆ ತುಸು ಹೆಚ್ಚು ಕೆಳಗೆ, 300ರಲ್ಲಿ ಆರೂವರೆ ಕೆಳಗೆ. ಈಗಿರುವ ಹಾಗೆ 275ರಲ್ಲೇ ಬಿಟ್ಟರೆ 300ರಲ್ಲಿ ಬರೀ ಎರಡು ಇಂಚು ಕೆಳಗೆ.

ಕೊನೆಯ ಸಾಲು ನೋಡಿದರೆ ಯಾರಿಗಾದರೂ ಆಸೆಯಾಗಬೇಕು. 300 ಗಜದವರೆಗೆ ಏನೂ ಯೋಚಿಸದೆ ನಡುವಿಗೆ ಹಿಡಿದು ಹೊಡೆಯಬಹುದು! ಇಲ್ಲಿನ ಎಷ್ಟೋ ಹಳಬರು ಬೇಕೆಂದೇ ಹಾಗೆ ಇಟ್ಟುಕೊಳ್ಳುತ್ತಾರೆ, ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಹೊಡೆಯುವವರಿಗೆ ಅದು ಒಗ್ಗುತ್ತದೆ ಕೂಡ. ನನ್ನ ತಕರಾರು ಏನೆಂದರೆ, ಆ ಲೆಕ್ಕದಲ್ಲಿ ನಾನು ಇಲ್ಲ. ಜಿಂಕೆಯ ಹೃದಯ, ಶ್ವಾಸಕೋಶದ ಭಾಗಕ್ಕೆ ಎಂಟು ಇಂಚಿನ ಒಂದು ತಟ್ಟೆ ಎಂದು ಇಟ್ಟುಕೊಂಡರೆ ನಡುವಿನಿಂದ ಮೇಲಕ್ಕೆ ಸಿಗುವುದು ನಾಲ್ಕೇ ಇಂಚು. ಅದರಲ್ಲಿ ಮೂರೂವರೆಯನ್ನು 150 ಗಜದಲ್ಲಿ ಕೋವಿಯೇ ನುಂಗಿದರೆ, ಏದುಸಿರು ಬಿಡುತ್ತ ಕೂತ ನನ್ನ ಕೈನಡುಕಕ್ಕೆ ಉಳಿಯುವುದು ಅರ್ಧ ಇಂಚು. ನಾನು ನೋಡಿದ ಜಿಂಕೆಗಳಲ್ಲಿ ಹೆಚ್ಚಿನವು ನಿಂತದ್ದು 100 ಮತ್ತು 200 ಗಜದ ನಡುವೆಯೇ. ಅಲ್ಲೇ ತಪ್ಪು ಅತಿ ಹೆಚ್ಚಿರುವ ಜೀರೊ ನನಗೆ ಯಾಕೆ?

100ರ ಜೀರೊ ಪ್ರಾಮಾಣಿಕವಾದದ್ದು. ದಟ್ಟ ಕಾಡಿನಲ್ಲಿ, 100 ಗಜ ಕಂಡರೇ ಹೆಚ್ಚು ಎನ್ನುವ ಕಡೆ, ನಾನು ಎರಡನೇ ಯೋಚನೆ ಮಾಡದೆ ಅದನ್ನೇ ಆರಿಸುತ್ತಿದ್ದೆ. ಡಯಲ್ ತಿರುಗಿಸಿ ಹೊಡೆಯುವ ಸ್ಕೋಪ್ ಇರುವವರಿಗೂ ಅದೇ ಸರಿ. ನನ್ನದು ಮುಚ್ಚಳ ಹಾಕಿದ ಡಯಲ್, ಬೇಟೆಯಲ್ಲಿ ಅದನ್ನು ಮುಟ್ಟುವುದಿಲ್ಲ. ಈ ಸೇಜ್ ಇಳಿಜಾರಿನಲ್ಲಿ 220 ಗಜಕ್ಕೆ ಜಿಂಕೆ ನಿಂತಾಗ ನಾಲ್ಕು ಇಂಚು ಎತ್ತಿ ಹಿಡಿ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ಎತ್ತಿ ಹಿಡಿಯುವ ಚಟವೇ ಹೋದ ವರ್ಷ ಕೆಡಿಸಿದ್ದು. 200ಕ್ಕೆ ಇಟ್ಟರೆ ಹತ್ತಿರದಿಂದ 250ರವರೆಗೆ ಎಲ್ಲೂ ಮೂರು ಇಂಚು ದಾಟುವುದಿಲ್ಲ, 200ರೊಳಗಂತೂ ಒಂದೂವರೆ ಇಂಚಿನೊಳಗೇ. ನಡುವಿಗೆ ಹಿಡಿ, ಹೊಡಿ. ತೀರ್ಮಾನವಾಯಿತು.

ಮಾಡಬೇಕಾದದ್ದು ಸಣ್ಣ ಕೆಲಸ: 100 ಗಜದ ಕಾಗದದಲ್ಲಿ ಗುಂಪನ್ನು ಮೂರರಿಂದ ಒಂದೂವರೆ ಇಂಚಿಗೆ ಇಳಿಸಬೇಕು, ಆರು ಕ್ಲಿಕ್. ಬಲದಿಂದ ಎಡಕ್ಕೆ ಒಂದು ಇಂಚು ತರಬೇಕು, ನಾಲ್ಕು ಕ್ಲಿಕ್. ಮೇಲಿನ ಡಯಲ್ಲನ್ನು ಸರಿಯಾಗಿ ಇಳಿಸಿದೆ. ಬದಿಯ ಡಯಲ್ಲಿನಲ್ಲಿ ಬಾಣದ ಗುರುತಿನ ಪಕ್ಕ ‘ಆರ್’ ಎಂದಿತ್ತು. ಗುಂಪು ಬಲಕ್ಕಿದೆಯಲ್ಲ, ‘ಆರ್’ ಕಡೆ ತಿರುಗಿಸಿದರೆ ಸ್ಕೋಪ್ ಬಲಕ್ಕೆ ಹೋಗಿ ಗುಂಡನ್ನು ಹಿಡಿಯುತ್ತದೆ ಎಂದು ಅದೇನೋ ತರ್ಕ ಮಾಡಿದೆ. ಟಿಕ್ ಟಿಕ್ ಟಿಕ್ ಟಿಕ್. ಮೂರು ಗುಂಡು ಹೊಡೆದು ನೋಡಿದರೆ ಗುಂಪು ಎರಡು ಇಂಚು ಬಲಕ್ಕೆ! ಡಯಲ್ಲಿನ ಬಾಣ ಹೇಳುವುದು ಗುಂಡು ಯಾವ ಕಡೆ ಹೋಗಬೇಕು ಎಂಬುದನ್ನು. ಇದು ಸ್ಕೋಪಿನ ಜತೆ ಬಂದ ಕಾಗದದ ಮೊದಲ ಪುಟದಲ್ಲೇ ಇದೆ. ಒಂದು ತೋಟೆಗೆ ಎರಡು ಡಾಲರ್ ಹತ್ತಿರ ಬೀಳುವ ಈ ಕಾಲದಲ್ಲಿ ಓದದೇ ಇದ್ದದ್ದಕ್ಕೆ ಆರು ಡಾಲರ್ ದಂಡ.

ಎಂಟು ಕ್ಲಿಕ್ ವಾಪಸ್. ಮುಂದಿನ ಗುಂಡು ಅರ್ಧ ದಾರಿಗೆ ಬಂದು ನಿಂತಿತು, ಆಮೇಲಿನ ಎರಡು ನೆಟ್ಟಗೆ ಬಂದವು. ಹಳೆಯ ಸ್ಕೋಪುಗಳ ಸ್ವಭಾವ ಇದು. ಕ್ಲಿಕ್ ಮಾಡಿದ್ದು ಒಳಗೆ ಕೂರಲು ಒಂದು ಏಟು ಬೇಕು, ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ. ಕ್ಲಿಕ್ ಆದ ಮೇಲಿನ ಮೊದಲ ಗುಂಡನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಷ್ಟರಲ್ಲಿ ನಳಿಗೆ ಕಾದಿತ್ತು. ಬೆರಳಿಟ್ಟರೆ ಹಿಡಿಸುವುದಿಲ್ಲ. ತೆಳು ನಳಿಗೆ ಕಾದರೆ ಗುಂಡು ತನ್ನಿಷ್ಟಕ್ಕೆ ಸರಿಯುತ್ತದೆ, ನನ್ನದರಲ್ಲಿ ನಾಲ್ಕನೆಯದು ಮತ್ತು ಐದನೆಯದು ಮೇಲಕ್ಕೂ ಬಲಕ್ಕೂ ಹತ್ತುತ್ತವೆ. ಅದನ್ನು ನೋಡಿ ಮತ್ತೆ ಕ್ಲಿಕ್ ಮಾಡುತ್ತ ಹೋದರೆ ಬೆಕ್ಕು ಬಾಲ ಹಿಡಿಯಲು ಸುತ್ತಿದ ಹಾಗೆ. ಮೂರು ಹೊಡೆ, ಬೋಲ್ಟ್ ತೆರೆದು ನೆರಳಲ್ಲಿ ಇಡು, ಕಾಲು ಗಂಟೆ ಸುಮ್ಮನಿರು. ಆ ಕಾಲು ಗಂಟೆಗಳಲ್ಲಿ ಡಬ್ಬಿಯ ಚಿತ್ರಾನ್ನ ಮುಗಿಯಿತು. ಪಕ್ಕದ ಬೆಂಚಿನ ಅಜ್ಜ ಒಂದು ತುತ್ತು ರುಚಿ ನೋಡಿ, ಒಗ್ಗರಣೆ ಮೆಣಸಿಗೆ ಕಣ್ಣೀರು ಹಾಕಿ, ಆಮೇಲೆ ಮತ್ತೊಂದು ತುತ್ತು ಕೇಳಿದರು.

ನಾಲ್ಕನೆಯ ಶನಿವಾರ 200 ಗಜ. ಲೆಕ್ಕ ಎಷ್ಟೇ ಚೆನ್ನಾಗಿದ್ದರೂ 100ರಲ್ಲಿ ಒಂದೂವರೆ ಇಂಚು ಮೇಲಿಟ್ಟು ಕೈ ತೊಳೆದುಕೊಳ್ಳುವುದಕ್ಕೆ ಈಗ ಧೈರ್ಯವಿಲ್ಲ, ಒಮ್ಮೆ ನಂಬಿ ಕೆಟ್ಟವನು. ಮೂರು ಗುಂಡಿನ ಗುಂಪು ನಡುಬಿಂದುವಿನ ಮುಕ್ಕಾಲು ಇಂಚು ಕೆಳಗೆ ಬಿತ್ತು. 200ರಲ್ಲಿ ಒಂದು ಕ್ಲಿಕ್ ಅರ್ಧ ಇಂಚು, ಒಂದು ಕ್ಲಿಕ್ ಮೇಲೆ ಕೊಟ್ಟು ಬಿಟ್ಟೆ. ಆಮೇಲೆ 300ಕ್ಕೆ ಮೂರು: ಆ್ಯಪ್ ಆರೂವರೆ ಇಂಚು ಎಂದಿತ್ತು, ಕಾಗದ ಏಳು ಎಂದಿತು. ಒಪ್ಪಬಹುದಾದ ಜಗಳ.

ಬೆಂಚಿನ ಮೇಲಿನ ಗುಂಪು ಕೋವಿಯ ಯೋಗ್ಯತೆ ಹೇಳುತ್ತದೆ. ನನ್ನದನ್ನು ತಿಳಿಯಲು ಐದನೆಯ ಶನಿವಾರ ಎಂಟು ಇಂಚಿನ ಪೇಪರ್ ತಟ್ಟೆಗಳನ್ನು ಅಂಟಿಸಿ ಬೆಂಚು ಬಿಟ್ಟು ನೆಲಕ್ಕಿಳಿದೆ. ಬೆನ್ನುಚೀಲದ ಮೇಲೆ ಕೋವಿ ಒರಗಿಸಿ ಮಲಗಿ ಹೊಡೆದಾಗ 200 ಗಜದಲ್ಲಿ ಐದಕ್ಕೆ ಐದು. ಕೂತು, ಕವೆಗೋಲಿನ ಆಸರೆಯಲ್ಲಿ 150ಕ್ಕೆ ಐದಕ್ಕೆ ಐದು, 200ಕ್ಕೆ ಐದಕ್ಕೆ ಮೂರು. ನಿಂತು, ಬರೀ 100 ಗಜಕ್ಕೆ, ಐದಕ್ಕೆ ಎರಡು. ನಿಂತು ಹೊಡೆದ ತಟ್ಟೆಯನ್ನು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಎತ್ತರದ ವಿಷಯ ಹಲವರು ಕೇಳುತ್ತಾರೆ. 5,000 ಅಡಿಯಲ್ಲಿ ಕೂಡಿಸಿದ ಗುರಿ 8,000ಕ್ಕೆ ಹೋದರೆ ಕೆಡುವುದಿಲ್ಲವೇ? ಗಾಳಿ ಇನ್ನೂ ತೆಳುವಾಗುತ್ತದೆ, ಗುಂಡು ತುಸು ಕಡಿಮೆ ಬೀಳುತ್ತದೆ. ಅಕ್ಟೋಬರ್ ಕೊನೆಯ ಚಳಿಗೆ ಮದ್ದು ತುಸು ಮಂದವಾಗಿ ಉರಿದು ವೇಗ ತುಸು ಇಳಿಯುತ್ತದೆ. 250 ಗಜದೊಳಗೆ ಇವೆಲ್ಲ ಚಿಲ್ಲರೆ. ಇಳಿಜಾರಿನಲ್ಲಿ ಕೆಳಮುಖವಾಗಿ ಹೊಡೆದರೆ ಗುಂಡು ಮೇಲೆ ಹೋಗುತ್ತದೆ ಎನ್ನುವುದು ನಿಜ, 30 ಡಿಗ್ರಿಯ ಇಳುಕಲಿನಲ್ಲಿ 150 ಗಜವನ್ನು 130 ಎಂದೇ ಲೆಕ್ಕ ಹಿಡಿಯಬೇಕು. 200ರ ಜೀರೊದಲ್ಲಿ 130ಕ್ಕೂ 150ಕ್ಕೂ ಇರುವ ಅಂತರ ಬೆರಳ ಉಗುರಿನಷ್ಟೂ ಇಲ್ಲ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಕ್ಕಿಂತ ರೇಂಜ್‌ಫೈಂಡರನ್ನು ಜೇಬಿನಿಂದ ತೆಗೆದು ಕೊರಳಿಗೆ ಕಟ್ಟಿಕೊಳ್ಳುವುದು ಮೇಲು. ದಾರ ತಂದಾಯಿತು.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

“ಎಂತ ಮಾರಾಯ, ಈಡು ಮೇಲೆ ಹೋಗ್ತದೆ ಅಂದ್ರೆ ಸ್ವಲ್ಪ ಕೆಳಗೆ ಹಿಡಿದ್ರೆ ಆಯ್ತಪ್ಪ. ಅದಕ್ಕೆ ಐದು ವಾರ ಬೇಕಾ?”

“ಇನ್ನೂರು ಗಜಕ್ಕೆ ಅಪ್ಪಯ್ಯ.”

“ಹಂಗಂದ್ರೆ ಎಷ್ಟು ದೂರ ಆಯ್ತು?”

“ನಮ್ಮ ಅಂಗಳದಿಂದ ಹಳ್ಳದ ಸಂಕದವರೆಗೆ.”

ಸ್ವಲ್ಪ ಹೊತ್ತು ಮಾತಿಲ್ಲ. ಬಹುಶಃ ಕಿಟಕಿಯಿಂದ ನೋಡುತ್ತಿದ್ದರು.

“ಅಲ್ಲಿ ಕಟ್ಟಿದ ದನವೇ ನಂಗೆ ಸರಿ ಕಾಣ್ತಿಲ್ಲ,” ಎಂದರು.

ಸೀಸನ್ನಿಗೆ ಹತ್ತು ದಿನ ಮುಂಚೆ ಕೊನೆಯ ಪರೀಕ್ಷೆ. ರಾತ್ರಿಯಿಡೀ ಗ್ಯಾರೇಜಿನ ಚಳಿಯಲ್ಲಿದ್ದ ಕೋವಿಯನ್ನು ಒರೆಸದೆ, ಬಿಸಿ ಮಾಡದೆ ರೇಂಜಿಗೆ ಒಯ್ದು, ಮಲಗಿ, 200 ಗಜಕ್ಕೆ ಒಂದೇ ಗುಂಡು. ಬೇಟೆಯಲ್ಲಿ ಸಿಗುವುದೂ ತಣ್ಣಗಿನ ನಳಿಗೆಯ ಆ ಒಂದೇ ಗುಂಡಲ್ಲವೇ. ಅರ್ಧ ಇಂಚು ಎಡಕ್ಕೆ, ಎತ್ತರ ಸರಿ. ಡಯಲ್ಲುಗಳ ಮುಚ್ಚಳ ಹಾಕಿ ಬಿಗಿದೆ. ಅದೇ ಪೆಟ್ಟಿಗೆಯಲ್ಲಿ ಉಳಿದ ಹನ್ನೊಂದು ತೋಟೆಗಳನ್ನು ಕಿತ್ತಳೆ ಬಣ್ಣದ ಜಾಕೆಟ್ಟು, ಟೋಪಿಯ ಜತೆಗಿಟ್ಟೆ. ಬೇರೆ ಪೆಟ್ಟಿಗೆಯ 150 ಗ್ರೇನ್ ತೋಟೆಗಳು ಬೆರೆಯದಿರಲಿ ಎಂದು ಅವನ್ನು ಅಟ್ಟದ ಮೇಲೆ ಹಾಕಿದೆ.

ಕೋವಿಯ ಹಿಡಿಗೆ ಸಣ್ಣ ಚೀಟಿಯೊಂದನ್ನು ಪಾರದರ್ಶಕ ಟೇಪಿನಲ್ಲಿ ಅಂಟಿಸಿದ್ದೇನೆ. 100ರ ಎದುರು ಒಂದೂವರೆ ಮೇಲೆ, 200ರ ಎದುರು ಸೊನ್ನೆ, 250ರ ಎದುರು ‘ಮಲಗಿದರೆ ಮಾತ್ರ, ಎರಡೂವರೆ ಕೆಳಗೆ’. 300ರ ಎದುರು ಏಳು ಎಂದು ಬರೆದು, ಆಮೇಲೆ ಅದನ್ನು ಹೊಡೆದುಹಾಕಿ, ‘ಬೇಡ’ ಎಂದು ಬರೆದೆ.